ಐದು ತುಂಡಾದ ತಿದ್ದುಪಡಿ

“ಆ ಮಹಾನುಭಾವನ್ನ ಯಾರಾದ್ರೂ ಕಟ್ಕೊಂಡ್ರೆ, ಪಾಪ, ಅವಳ ಗತಿ ಏನು ಯೋಚ್ನೆ ಮಾಡಿ. ಬಿಸಿ ಬಿಸಿ ಕುಸ್ಕುಸ್ ತಂದಿಟ್ರೆ ತಟ್ಟೆ ವಾಪಸ್ ತಳ್ತಾನೆ. ಉಪ್ಪು ಯಾಕೆ ಹಾಕಿದ್ರಿ, ಕಾರಣ ಬರೆದು ಇನ್ನೊಂದ್ಸಲ ಕಳ್ಸಿ ಅಂತಾನೆ!”

ಓಲ್ಫಾ ಮಾತು ಮುಗಿಸುವ ಮೊದಲೇ ತರಗತಿ ಗೊಳ್ಳೆಂದು ನಕ್ಕಿತು. ತನ್ನ ಹಾಸ್ಯಕ್ಕೆ ಇಷ್ಟು ನಗು ಬೀಳುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೋಡಿದರೆ ಎಲ್ಲರ ಕತ್ತೂ ಹಿಂದಿನ ಬೆಂಚಿನ ಕಡೆ ತಿರುಗಿದೆ. ಅಲ್ಲಿ, ವಿದ್ಯಾರ್ಥಿಯಾಗುವ ವಯಸ್ಸು ಯಾವಾಗಲೋ ದಾಟಿದ, ಕೋಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡ ಒಬ್ಬ ಗಂಡಸು ಎದ್ದು ನಿಂತ.

“ಊಟ ಆದ್ರೆ ಮೊದಲ್ನೇ ಸಲಕ್ಕೇ ಒಪ್ಕೊಳ್ತೀನಿ, ಮೇಡಂ. ನಾನು ಶಿಹೇಬ್. ಮಹ್ದಿಯಾದಿಂದ ಬಂದೆ.”

ಓಲ್ಫಾಳ ಕಿವಿ ಬಿಸಿಯಾಯಿತು. ಕ್ಷಮೆ ಕೇಳಬೇಕಿತ್ತು. ಅದರ ಬದಲು ಬಾಯಿಂದ ಬಂದದ್ದು, “ಬಂದಿದ್ದು ಒಳ್ಳೇದಾಯ್ತು. ಮಕ್ಕಳೇ, ಮುಖ ನೋಡ್ಕೊಳ್ಳಿ. ಇವ್ರೇ.”

ಈ ಸಿಟ್ಟಿಗೆ ಕಾರಣವಿತ್ತು. ಕಡಲ ತೀರದ ಸ್ಫಾಕ್ಸ್ ನಗರದ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓಲ್ಫಾಳ ಪಾಠಕ್ಕೆ ಪರೀಕ್ಷೆ ಇರಲಿಲ್ಲ. ಲೋಕವೆಲ್ಲ ಬಿಟ್ಟಿಯಾಗಿ ಬಳಸುವ, ಸಾವಿರಾರು ಜನ ಸೇರಿ ಬರೆದ ಒಂದು ದೈತ್ಯ ಆಫೀಸ್ ಸಾಫ್ಟ್‌ವೇರ್ ಇತ್ತು. ಪತ್ರ ಬರೆಯುವುದು, ಲೆಕ್ಕ ಹಾಕುವುದು ಎಲ್ಲ ಅದರಲ್ಲೇ. ಪ್ರತಿ ವಿದ್ಯಾರ್ಥಿಯೂ ಅದರಲ್ಲಿ ಒಂದು ನಿಜವಾದ ದೋಷ ಹುಡುಕಿ, ತಿದ್ದಿ, ಆ ಪ್ರಾಜೆಕ್ಟಿನವರು ಒಪ್ಪುವಂತೆ ಮಾಡಬೇಕು. ಒಪ್ಪಿದರೆ ಪಾಸು.

ಎಲ್ಲರೂ ಗೌರವಕ್ಕೆ ‘ಸಿ’ ಸೇರಿಸಿ ಕರೆಯುವ ವಿಭಾಗದ ಮುಖ್ಯಸ್ಥ ಸಿ ಮೊಂಜಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. “ಯಾರದೋ ಮನೆ ಗೋಡೆಗೆ ಸುಣ್ಣ ಹೊಡಿಯೋಕೆ ನಮ್ಮ ಮಕ್ಕಳ್ನ ಯಾಕಮ್ಮ ಕಳಿಸ್ತೀಯ? ಈ ವರ್ಷ ನೋಡ್ತೀನಿ, ಕೆಟ್ಟ ಹೆಸರು ಬಂತೋ, ಮುಚ್ಚಿಸ್ತೀನಿ,” ಎಂದು ಎಚ್ಚರಿಸಿದ್ದರು. ಆ ಪಾಠವೆಂದರೆ ಓಲ್ಫಾಳ ಜೀವ. ಅಂಕಕ್ಕೆ ಉರು ಹೊಡೆದು ಬಂದ ಮಕ್ಕಳು, ತಾವು ತಿದ್ದಿದ ಒಂದು ಸಾಲು ಎಲ್ಲೋ ಅಪರಿಚಿತರಿಗೆ ಉಪಯೋಗವಾದಾಗ ಹೇಗೆ ಅರಳುತ್ತಾರೆ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅವಳ ಮಕ್ಕಳೆಲ್ಲ ಅರಬ್ಬಿ ಬಲ್ಲವರು, ಹಾಗಾಗಿ ಬಲದಿಂದ ಎಡಕ್ಕೆ ಓಡುವ ಸಾಲುಗಳ ದೋಷಗಳನ್ನೇ ಆರಿಸಿಕೊಳ್ಳುತ್ತಿದ್ದರು. ಆ ಭಾಗವನ್ನು ಕಾಯುವವನು, ಬಂದ ತಿದ್ದುಪಡಿ ನೋಡಿ ಒಪ್ಪುವವನು ಶಿಹೇಬ್. ಹಗಲು ಮಹ್ದಿಯಾದ ಮೀನು ಡಬ್ಬಿ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ, ಬಿಡುವಿನಲ್ಲಿ ಈ ಪುಕ್ಕಟೆ ಕಾವಲು. ಮಕ್ಕಳು ಏನೇ ಕಳಿಸಿದರೂ ಉತ್ತರವೆಂದರೆ ಒಂದೇ ಪದ: ‘ಯಾಕೆ?’

ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ ಇಬ್ಬರೂ ಎದುರೆದುರು ನಿಂತರು.

“ಅಲ್ರೀ ಸಿ ಶಿಹೇಬ್, ಒಂದೊಂದು ಪದದಲ್ಲಿ ಮಕ್ಕಳ ಎದೆ ಒಡೀತೀರಲ್ಲ, ಎರಡು ಪದ ಬರೆದ್ರೆ ಕೈ ಸವೆದು ಹೋಗುತ್ತಾ?”

“ಲಲ್ಲಾ ಓಲ್ಫಾ,” ಎಂದು ಅವನೂ ಅಷ್ಟೇ ಗೌರವದಿಂದ ಶುರು ಮಾಡಿದ. “ನಿಮ್ಮ ಮಕ್ಕಳು ಒಟ್ಟಿಗೇ ಬಂದು ಮೇಲೆ ಬೀಳ್ತಾರೆ. ನಂಗಿರೋದು ಎರಡೇ ಕೈ. ನಾನು ಬಂದಿದ್ದೇ ಅದಕ್ಕೆ. ಕಳ್ಸೋಕೆ ಮುಂಚೆ ಒಂದ್ಸಲ ನೀವೇ ನೋಡಿ, ‘ನೋಡಿದ್ದೇನೆ’ ಅಂತ ಕೆಳಗೆ ಹೆಸರು ಹಾಕಿ. ನನ್ನ ಪ್ರಾಣ ಉಳಿಯುತ್ತೆ.”

“ಮೊದ್ಲು ಕೋಟಿನ ಗುಂಡಿ ಸರಿ ಹಾಕ್ಕೊಳ್ಳಿ. ಬೇರೆಯವ್ರ ಸಾಲು ತಿದ್ದೋರಂತೆ!”

ಅವನು ಕೆಳಗೆ ನೋಡಿಕೊಂಡ. ನಾಚಿದ. ಆ ದೊಡ್ಡ ಮನುಷ್ಯ ಬೆರಳು ತಡವರಿಸುತ್ತ ಗುಂಡಿ ಬಿಚ್ಚಿ ಹಾಕುವುದನ್ನು ನೋಡುತ್ತ ಓಲ್ಫಾಳ ಸಿಟ್ಟು ಎಲ್ಲೋ ಕರಗಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಅಲ್ಲಿಂದ ಮುಂದೆ ಓಲ್ಫಾ ಮಕ್ಕಳ ತಿದ್ದುಪಡಿ ಓದಿ ಕೆಳಗೆ ಹೆಸರು ಹಾಕತೊಡಗಿದಳು. ಪ್ರತಿ ಶನಿವಾರ ಅವನು ಲುವಾಜ್ ಎಂಬ ಬಾಡಿಗೆ ವ್ಯಾನು ಹತ್ತಿ, ಅಪರಿಚಿತರ ಮೊಣಕೈಗಳ ನಡುವೆ ಕುಳಿತು ಸ್ಫಾಕ್ಸ್‌ಗೆ ಬರತೊಡಗಿದ. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆಂದೂ ಹೇಳಲಿಲ್ಲ. ಲ್ಯಾಬಿನಲ್ಲಿ ಮಕ್ಕಳ ಪಕ್ಕ ಕೂತು, ಆ ಒಂದು ಪದದ ಹಿಂದೆ ಏನಿದೆ ಎಂದು ಬಿಡಿಸಿ ಹೇಳುವನು. ಹೊರಗೆ ಬರೆಯುವಾಗ ಕಲ್ಲಿನಂತಿದ್ದವನು ಎದುರಿಗೆ ಕೂತರೆ ಎಷ್ಟು ತಾಳ್ಮೆಯವನು! ಈ ಮನುಷ್ಯ ಬರೆಯುವುದನ್ನೇ ಬಿಟ್ಟು ಬರೀ ಮಾತಾಡಿಕೊಂಡಿದ್ದರೆ ಲೋಕಕ್ಕೆ ಎಷ್ಟೋ ನೆಮ್ಮದಿ ಎಂದು ಓಲ್ಫಾಗೆ ಅನಿಸುತ್ತಿತ್ತು.

ಅವನ ಪರದೆಯ ಮೇಲೆ ಬಾಗಿದಾಗ ಅವಳ ಕೂದಲು ಜಾರಿ ಅವನ ತೋಳಿಗೆ ತಾಗುತ್ತಿತ್ತು. ಅವನು ಟೈಪ್ ಮಾಡುವುದನ್ನು ನಿಲ್ಲಿಸಿ, ಆ ಕೂದಲು ಹಿಂದೆ ಹೋಗುವ ತನಕ ಉಸಿರು ಹಿಡಿದು ಕಾಯುತ್ತಿದ್ದ. ಅವಳು ಬೇಕೆಂದೇ ತಡ ಮಾಡಿ ಹಿಂದೆ ಸರಿಸಿಕೊಳ್ಳುತ್ತಿದ್ದಳು.

“ಏನ್ರೀ, ನಿಂತೇ ಹೋದ್ರಿ?”

“ಯೋಚ್ನೆ ಮಾಡ್ತಿದ್ದೆ.”

“ಯಾವ ಸಾಲಿನ ಬಗ್ಗೆ?”

“ಈ ಸಾಲು... ಅಂದ್ರೆ, ಆ ಸಾಲು,” ಎಂದು ಅವನು ಪರದೆಯ ಖಾಲಿ ಜಾಗಕ್ಕೆ ಬೆರಳು ತೋರಿಸುತ್ತಿದ್ದ. ಹಿಂದಿನ ಬೆಂಚಿನಲ್ಲಿ ಹುಡುಗಿಯರು ಫ್ರಿಕಾಸೆ ಬನ್ನು ಬಾಯಿಗಿಟ್ಟುಕೊಂಡು ನಗು ನುಂಗುತ್ತಿದ್ದರು.

ಆದರೆ ಶಿಹೇಬ್ ಬಾಯಿ ಬಿಡಲಿಲ್ಲ. ವ್ಯಾನಿನ ಹೊತ್ತಾಯಿತು ಎಂದು ಎದ್ದು ಹೋಗುವನು. ಓಲ್ಫಾ ಪ್ರತಿ ವಾರ ಮನಸ್ಸಿನಲ್ಲೇ ಅವನಿಗೆ ಬೈದು ಮನೆಗೆ ಹೋಗುವಳು. ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ಶನಿವಾರದ ಕೆಲಸ ಬೇಗ ಮುಗಿಸಿಬಿಟ್ಟರೆ ಮಧ್ಯಾಹ್ನ ಸಿದಿ ಮನ್ಸೂರ್ ಕಡೆ ಹೋಗಿ, ಸಮುದ್ರದ ಎದುರು ಕೂತು ಮೀನು ತಿನ್ನಬಹುದು. ಮಕ್ಕಳಿಲ್ಲದೆ, ಪರದೆಯಿಲ್ಲದೆ. ಆಗಲೂ ಬಾಯಿ ಬಿಡದಿದ್ದರೆ ಆ ಮೀನಿನ ಜೊತೆಗೇ ಮಾತಾಡಿಕೊಳ್ಳಲಿ.

ಶುಕ್ರವಾರ ಬೆಳಿಗ್ಗೆ ಯುಸ್ರಾಳ ಗುಂಪಿನಿಂದ ಪ್ಯಾಚ್‌ಗಳು, ಅಂದರೆ ತಿದ್ದುಪಡಿಗಳು, ಬಂದವು. ಯುಸ್ರಾ ತರಗತಿಯಲ್ಲೇ ಜಾಣೆ. ಅವಳ ಗುಂಪಿನವರದೆಂದರೆ ನೋಡುವುದೇನಿದೆ? ತೆರೆಯದೆಯೇ ಓಲ್ಫಾ ‘ನೋಡಿದ್ದೇನೆ’ ಎಂದು ಒತ್ತಿದಳು. ನಾಳೆಗೆ ಕೆಲಸ ಕಡಿಮೆಯಾಯಿತು ಎಂದು ಮನಸ್ಸು ಹಗುರವಾಯಿತು. ಮಹ್ದಿಯಾದಲ್ಲಿ ಶಿಹೇಬ್ ಮೊದಲನೆಯದನ್ನು ಮಧ್ಯಾಹ್ನದೊಳಗೆ ಒಪ್ಪಿಬಿಟ್ಟ.

ಸಂಜೆಯ ಹೊತ್ತಿಗೆ ಕೈರೋದಿಂದ, ಲಾಹೋರಿನಿಂದ, ತೆಹ್ರಾನಿನಿಂದ ಕೂಗು ಶುರುವಾಯಿತು. ಹೊಸ ಪರೀಕ್ಷಾ ಆವೃತ್ತಿ ಹಾಕಿಕೊಂಡವರ ಪುಟಗಳಲ್ಲಿ ಬಲದಿಂದ ಎಡಕ್ಕೆ ಓಡುವ ಸಾಲುಗಳೆಲ್ಲ ಅಂಚು ದಾಟಿ ಕಾಗದದಿಂದಾಚೆ ಹೋಗುತ್ತಿದ್ದವು. ಶಿಹೇಬ್ ಕೂಡಲೇ ಆ ಪ್ಯಾಚನ್ನು ಹಿಂದೆಗೆದ. ಮಾನ ಮಾತ್ರ ಹಾಗೆ ಹಿಂದೆಗೆಯಲು ಬರುವಂಥದ್ದಲ್ಲ.

ಯುಸ್ರಾ ಅಳುತ್ತ ನಿಂತಳು. “ಮೇಡಂ, ತಿದ್ದುಪಡಿ ನಂದೇ. ಪೂರ್ತಿ ಒಟ್ಟಿಗಿದ್ರೆ ಸರಿಯಾಗೇ ಇತ್ತು. ಗೆಳತಿಯರಿಗೆ ಯಾವ ದೋಷವೂ ಸಿಕ್ಕಿರ್ಲಿಲ್ಲ. ನಾನೊಬ್ಳೇ ಪಾಸಾಗೋದು ಚೆನ್ನಾಗಿರಲ್ಲ ಅಂತ ಐದು ತುಂಡು ಮಾಡಿ ಹಂಚಿದೆ.”

“ರೊಟ್ಟಿ ಹಂಚ್ದಂಗೆ ಹಂಚಿದ್ಯಾ?”

“ಹೂಂ ಮೇಡಂ.”

ಅಳತೆ ಹಾಕುವ ತುಂಡು ಮಾತ್ರ ಒಳಗೆ ಹೋಗಿತ್ತು, ಆ ಅಳತೆಗೆ ತಕ್ಕಂತೆ ಸಾಲು ಮೂಡಿಸುವ ತುಂಡು ಇನ್ನೊಬ್ಬಳ ಪಾಲಿನಲ್ಲಿ ಹೊರಗೇ ಉಳಿದಿತ್ತು. ತೆರೆದು ಓದಿದ ಯಾರಿಗಾದರೂ ಇದು ಕಾಣುತ್ತಿತ್ತು. ಊಟದ ಪಾಲು ಹಂಚಿ ತಿನ್ನುವುದನ್ನು ಕಲಿತು ಬೆಳೆದ ಮಕ್ಕಳಿಗೆ, ಎಲ್ಲವನ್ನೂ ಹಾಗೆ ಹಂಚಲಾಗದು ಎಂದು ಕಲಿಸಬೇಕಿದ್ದವಳು ತಾನೇ. ಓಲ್ಫಾಗೆ ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಗೋಡೆಯ ಬದಲು ಅವಳು ಶಿಹೇಬ್‌ಗೆ ಫೋನ್ ಮಾಡಿದಳು.

“ಎಲ್ರಿಗೂ ಯಾಕೆ ಯಾಕೆ ಅಂತ ಕೇಳೋ ಮಹಾನುಭಾವ, ಇವತ್ತು ಒಂದು ದಿನ ಕೇಳೋಕೆ ಏನಾಗಿತ್ತು ನಿಮಗೆ?”

“ಕೆಳಗೆ ‘ನೋಡಿದ್ದೇನೆ’ ಅಂತ ಹಾಕಿದ್ದು ಯಾರು?”

“ಒಪ್ಪಿದ್ದು ಯಾರು?”

“ಗುರುವಾರ ಪ್ರಾಜೆಕ್ಟಿನವರ ಸಭೆ ಇದೆ. ಕಾಲೇಜು ತರಗತಿಗಳಿಂದ ಇನ್ಮೇಲೆ ಏನೂ ತಗೊಳ್ಬಾರ್ದು ಅಂತ ಹೇಳ್ತಿದಾರೆ,” ಎಂದಷ್ಟೇ ಹೇಳಿ ಅವನು ಫೋನ್ ಇಟ್ಟ. ಆ ಶನಿವಾರ ಅವನು ಬರಲಿಲ್ಲ. ಓಲ್ಫಾ ಲ್ಯಾಬಿನ ಬಾಗಿಲು ನೋಡುತ್ತ ಕೂತು, ಬಾರದಿದ್ದರೆ ಬಿಡಲಿ ಎಂದುಕೊಂಡಳು. ಒಂದು ಅಕ್ಷರವೂ ನಿಜವಾಗಿರಲಿಲ್ಲ.

ಗುರುವಾರ ಮಧ್ಯಾಹ್ನ ಲ್ಯಾಬಿನ ದೊಡ್ಡ ಪರದೆಯಲ್ಲಿ ಸಭೆ ತೆರೆದುಕೊಂಡಿತು. ಬೇರೆ ಬೇರೆ ದೇಶಗಳ ಮುಖಗಳ ನಡುವೆ ಒಂದು ಚೌಕದಲ್ಲಿ ಶಿಹೇಬ್. ಓಲ್ಫಾಳ ಬೆನ್ನ ಹಿಂದೆ ಮಕ್ಕಳು ಗುಂಪುಗೂಡಿದ್ದರು. ಮೂಲೆಯಲ್ಲಿ ಸಿ ಮೊಂಜಿ ಕೈಕಟ್ಟಿ ನಿಂತಿದ್ದರು. ಸಭೆ ನಡೆಸುವ ಹಂಗೇರಿಯ ಹಿರಿಯಾಕೆ ಇಲ್ದಿಕೊ, ಎಂದಿನಂತೆ ಇದೂ ರೆಕಾರ್ಡ್ ಆಗಿ ಎಲ್ಲರಿಗೂ ನೋಡಲು ಸಿಗುತ್ತದೆ ಎಂದು ನೆನಪಿಸಿದಳು.

ಒಬ್ಬ ಸದಸ್ಯ ನೇರವಾಗಿ ವಿಷಯಕ್ಕೆ ಬಂದ. “ಅಂಕಕ್ಕೋಸ್ಕರ ಈ ವಿದ್ಯಾರ್ಥಿಗಳು ಒಂದು ಕೆಲಸವನ್ನ ಕತ್ತರಿಸಿ ಕಳಿಸಿದ್ರು. ಶಿಹೇಬ್‌ನಂಥ ಅನುಭವಿಯನ್ನೇ ಏಮಾರಿಸಿದ್ರು. ನಾಳೆ ನಮ್ಮೆಲ್ಲರನ್ನೂ ಏಮಾರಿಸ್ತಾರೆ. ಬಾಗಿಲು ಮುಚ್ಚೋದೇ ಒಳ್ಳೇದು.”

ಶಿಹೇಬ್ ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತದೆ, ಮಕ್ಕಳು ಮೋಸಗಾರರಾಗುತ್ತಾರೆ, ಅವಳ ಪಾಠ ಇಂದಿಗೆ ಮುಗಿಯುತ್ತದೆ. ಪರದೆಯ ಆ ಚೌಕವನ್ನೇ ಓಲ್ಫಾ ನೋಡಿದಳು.

“ನನ್ನನ್ನ ಯಾರೂ ಏಮಾರಿಸಿಲ್ಲ,” ಎಂದ ಶಿಹೇಬ್. “ಓದಿದ್ರೆ ತಾನೇ ಏಮಾರೋದು? ನಾನು ಓದಲೇ ಇಲ್ಲ.”

ಇಲ್ದಿಕೊ ಕನ್ನಡಕ ಸರಿಮಾಡಿಕೊಂಡಳು. “ನೀನಾ? ಓದದೆ ಒಪ್ಪಿದ್ದು ಇದುವರೆಗೂ ಒಂದಿಲ್ಲ. ಏನಾಯ್ತು?”

“ಕೆಳಗೆ ಓಲ್ಫಾ ಹೆಸರಿತ್ತು.” ಅವನ ಮುಖ ಕೆಂಪಾಗಿತ್ತು, ದನಿ ಮಾತ್ರ ಅಲುಗಲಿಲ್ಲ. “ಆ ಹೆಸರು ಕಂಡ್ರೆ ಅದರ ಮೇಲೆ ಏನು ಬರೆದಿದೆ ಅಂತ ನನಗೆ ಕಾಣಿಸಲ್ಲ. ಕೆಲವು ತಿಂಗಳಿಂದ ಹೀಗೇ ಆಗಿದೆ. ತಪ್ಪು ನಂದು. ಮಕ್ಕಳದ್ದಲ್ಲ.”

ಟಿಪ್ಪಣಿ ಬರೆಯುತ್ತಿದ್ದ ಯುವಕ ತಲೆ ಎತ್ತಿ ಕೇಳಿದ, “ಇದನ್ನೂ ಬರ್ಕೊಳ್ಬೇಕಾ?”

“ಬರ್ಕೊಳ್ಳಿ,” ಎಂದ ಶಿಹೇಬ್.

ಓಲ್ಫಾಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಎಷ್ಟು ಶನಿವಾರ ಪಕ್ಕದಲ್ಲೇ ಕೂತಿದ್ದ! ಆಗೆಲ್ಲ ನಾಲಿಗೆ ಬಿದ್ದುಹೋಗಿತ್ತು. ಈಗ ಸಿ ಮೊಂಜಿಯ ಎದುರಿಗೆ, ಹಂಗೇರಿಯ ಎದುರಿಗೆ, ಇಡೀ ಭೂಮಂಡಲದ ಎದುರಿಗೆ ಹೇಳುತ್ತಿದ್ದಾನೆ! ಅವಳು ಮೈಕ್ ಹತ್ತಿರಕ್ಕೆ ಎಳೆದುಕೊಂಡಳು.

“ನಂದೂ ಬರ್ಕೊಳ್ಳಿ. ನೋಡಿದ್ದೇನೆ ಅಂತ ನಾನು ಹಾಕಿದ್ದು ಸುಳ್ಳು. ತೆರೆದೇ ಇರ್ಲಿಲ್ಲ. ಶನಿವಾರ ಬೇಗ ಬಿಡುವು ಬೇಕಿತ್ತು.”

“ಯಾವುದಕ್ಕೆ ಅಂತ ಕೇಳಬಹುದಾ?” ಎಂದಳು ಇಲ್ದಿಕೊ.

“ಇವರ ಜೊತೆ ಊಟಕ್ಕೆ ಹೋಗೋಕೆ! ತಾವಾಗಿ ಕರೆಯೋ ಲಕ್ಷಣ ಕಾಣ್ಲಿಲ್ಲವಲ್ಲ, ಅದಕ್ಕೆ!”

ಬೆನ್ನ ಹಿಂದೆ ಲ್ಯಾಬ್ ಕಿತ್ತುಹೋಗುವಂತೆ ಕೂಗು ಎದ್ದಿತು. ಹುಡುಗಿಯರು ನಾಲಿಗೆ ಹೊರಳಿಸಿ, ತಮ್ಮೂರ ಮದುವೆ ಮನೆಯ ಹೆಂಗಸರಂತೆ ಉಲಿದರು. ಚೌಕದಲ್ಲಿ ಶಿಹೇಬ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಇಲ್ದಿಕೊ ನಗು ತಡೆಯಲು ಪ್ರಯತ್ನಿಸಿ ಸೋತಳು. “ಸರಿ. ದಡ್ಡತನ ದೊಡ್ಡವರದ್ದು, ಶಿಕ್ಷೆ ಮಕ್ಕಳಿಗೆ ಬೇಡ. ತರಗತಿ ಮುಂದುವರೀಲಿ. ಆ ಹುಡುಗಿ ತನ್ನ ತಿದ್ದುಪಡಿಯನ್ನ ಇಡಿಯಾಗಿ ಕಳಿಸಲಿ, ಅವಳ ಗೆಳತಿಯರು ಬೇರೆ ದೋಷ ಹುಡುಕಿಕೊಳ್ಳಲಿ. ಮತ್ತೆ ನೀವಿಬ್ಬರು, ಒಬ್ಬರ ಹೆಸರಿರೋ ಜಾಗದಲ್ಲಿ ಇನ್ನೊಬ್ಬರು ಒಪ್ಪಿಗೆ ಕೊಡೋ ಹಾಗಿಲ್ಲ. ಮೂರನೆಯವರು ನೋಡ್ಬೇಕು.”

ಸಿ ಮೊಂಜಿ ಹೊರಗೆ ಹೋಗುತ್ತ ಓಲ್ಫಾಳ ಪಕ್ಕ ಒಂದು ಗಳಿಗೆ ನಿಂತರು. “ಇಷ್ಟು ವರ್ಷದಲ್ಲಿ ನಾನು ಕೊನೇತನಕ ಇದ್ದ ಮೊದಲ್ನೇ ಸಭೆ ಕಣಮ್ಮ ಇದು. ಪಾಠ ಇಟ್ಕೋ,” ಎಂದರು.

ಮರುದಿನ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. “ಮಗಳೇ, ನಾನು ಶಿಹೇಬ್‌ನ ತಾಯಿ. ನಮ್ಮ ಓಣಿಯವರೆಲ್ಲ ಮೊಬೈಲಲ್ಲಿ ಅದನ್ನೇ ನೋಡ್ತಿದಾರೆ. ಹೆತ್ತೋಳಿಗೆ ಹೇಳ್ದೆ ಊರಿಗೆಲ್ಲ ಹೇಳಿದ್ದಾನೆ, ಕತ್ತೆ! ನಿನ್ನ ಹೆಸರು ಹೀಗೆ ಬಯಲಿಗೆ ತಂದ್ಮೇಲೆ ನಾವು ಬಂದು ನಿಮ್ಮಮ್ಮನ್ನ ಮಾತಾಡಿಸ್ದೆ ಇದ್ರೆ ಮರ್ಯಾದೆಯಾ? ಭಾನುವಾರ ಬರ್ತೀವಿ.” ಓಲ್ಫಾ ಹೂಂ ಎನ್ನುವುದಕ್ಕೂ ಆಕೆ ಕಾಯಲಿಲ್ಲ.

ಶನಿವಾರ ಶಿಹೇಬ್ ಬಂದ. ಒಳಗೆ ಮಕ್ಕಳಿದ್ದರೆಂದು ಕಾಲೇಜಿನ ಮೆಟ್ಟಿಲ ಮೇಲೆಯೇ ನಿಂತ. ಓಲ್ಫಾ ಒಂದು ವಾರದಿಂದ ಕೂಡಿಟ್ಟ ಬೈಗುಳಗಳನ್ನೆಲ್ಲ ಹೊತ್ತು ಹೊರಗೆ ಬಂದಳು.

“ಲೋಕಕ್ಕೆಲ್ಲ ಹೇಳಿಯಾಯ್ತು,” ಎಂದ ಅವನು. “ನಿಮಗೊಬ್ರಿಗೇ ಹೇಳಿಲ್ಲ.”

“ಹೇಳಿ ಮತ್ತೆ. ಬೇಗ.”

“ಶನಿವಾರಕ್ಕೆ ಕಾದು ಕಾದು ನನಗೆ ಸಾಕಾಗಿದೆ, ಓಲ್ಫಾ. ದಿನಾ ನೀವು ಬೇಕು.”

ಬೈಗುಳ ಒಂದೂ ನೆನಪಾಗಲಿಲ್ಲ. ಅವಳ ಕಣ್ಣು ತುಂಬಿ ಬಂತು. ಇಷ್ಟು ಚಿಕ್ಕ ಮಾತಿಗೆ ಇಷ್ಟು ಕಾಯಿಸಿದ್ದಕ್ಕೆ ಅವನ ಕೋಟಿನ ತೋಳು ಹಿಡಿದು ಬಲವಾಗಿ ಜಗ್ಗಿದಳು, ಬಿಡಲಿಲ್ಲ.

“ನನಗೂ ಸಾಕಾಗಿದೆ. ನಾಳೆ ನಿಮ್ಮಮ್ಮನ ಬೆನ್ನ ಹಿಂದೆ ಬಚ್ಚಿಟ್ಕೊಂಡು ಬರ್ಬೇಡ, ಮುಂದೆ ಬಾ. ನಮ್ಮಮ್ಮ ಏನು ಕೇಳಿದ್ರೂ, ಮೊನ್ನೆ ಸಭೇಲಿ ಹೇಳಿದ್ಯಲ್ಲ, ಅದನ್ನೇ ಹೇಳು. ನಾನೂ ಇನ್ನೊಂದ್ಸಲ ಕೇಳ್ಬೇಕು.”