ಎರಡು ಬೆರಳು ಕಡಿಮೆ

"ಇದನ್ನ ಹಾಕ್ಕೊಂಡು ಕೈಮಗ್ಗ ಪ್ರದರ್ಶನಕ್ಕ ಹೋಗೂದೇನ್ರಿ ನಾವು?"

ಅಂಗಿ ಕೇತಕಿಯ ಹೊಲಿಗೆ ಮೇಜಿನ ಮೇಲೆ ಬಿತ್ತು. ಜೇಬಿನ ಮೇಲೆ ಅವಳೇ ಎಂಬ್ರಾಯ್ಡರಿ ಮಾಡಿದ್ದ ಲಾಳಿಯ ಚಿತ್ರ ಒಂದೇ ಒಗೆತಕ್ಕೆ ಸುಕ್ಕುಗಟ್ಟಿತ್ತು.

ಎದುರಿಗೆ ನಿಂತವನು ಬನಹಟ್ಟಿಯ ನೇಕಾರ ಸಂಘದ ಮಾಂತೇಶ. ಹಿಂದೆ, ಬಾಗಿಲ ಬಳಿ, ಆ ಬಟ್ಟೆ ನೇಯ್ದ ಅವನ ತಂದೆ ಚನಮಲ್ಲಪ್ಪ.

"ಜಮಖಂಡ್ಯಾಗ ಇವರಷ್ಟು ಛಲೋ ಕೆಲಸ ಯಾರೂ ಮಾಡೂದಿಲ್ಲ ಅಂತ ಸಂಘದಾಗ ನಾನ ಹೇಳಿದ್ದೆ. ಈಗ ಹೆಂಗ ಮಾರಿ ತೋರಸಲಿ?"

ಹದಿನೈದು ದಿನದ ಹಿಂದೆ ಸಂಘದ ಹನ್ನೆರಡು ಅಂಗಿಗೆ ದಾರದ ಬಣ್ಣ ಆರಿಸಲು ಇದೇ ಮಾಂತೇಶ ಇಲ್ಲಿ ಒಂದು ತಾಸು ಕೂತಿದ್ದ. ಆ ತಾಸನ್ನು ಅವಳು ಎಷ್ಟು ಸಲ ನೆನೆದಿದ್ದಳೋ!

ಬಟ್ಟೆಯನ್ನು ನೆನೆಸಿ ಒಗೆಯದೆ ಕತ್ತರಿ ಇಡಬಾರದು ಎಂಬುದು ಅವಳ ನಿಯಮ. ಈ ಸಲ ಮಾತ್ರ ಮುರಿದಿದ್ದಳು. "ನಮ್ಮ ಮಗ್ಗದ ಅರಿವಿ ಕುಗ್ಗೂದಿಲ್ಲವಾ. ನೀರಿಗೆ ಹಾಕಿ ಹೊಳಪು ಕೆಡಸಬ್ಯಾಡ," ಎಂದಿದ್ದರು ಚನಮಲ್ಲಪ್ಪ.

ಈಗ ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

ಹೇಳಿಬಿಡಲೇ...? ಐವತ್ತು ವರ್ಷ ಮಗ್ಗದ ಮುಂದೆ ಕೂತವರನ್ನು, ಮಗನ ಎದುರಿಗೆ...

"ತಪ್ಪು ನಂದರಿ," ಎಂದಳು. "ಉಳಿದ ಅರಿವಿ ಕಳಸ್ರಿ. ರವಿವಾರ ಮುಂಜಾನಿ ಹನ್ನೆರಡೂ ಅಂಗಿ ಹೊಸದಾಗಿ ಕೊಡತೇನಿ."

"ನಾಕ ದಿನದಾಗ? ಆಗೂದಿಲ್ಲ ಬಿಡ್ರಿ."

"ಆಗಲಿಲ್ಲಂದ್ರ ಅಂಗಡಿ ಬೋರ್ಡು ನಾನ ಇಳಸತೇನಿ!"

ಮೂರು ವರ್ಷ ಒಬ್ಬಳೇ ಕಟ್ಟಿದ ಅಂಗಡಿ. ಮಾತು ಆಡಿಬಿಟ್ಟಿದ್ದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಬಟ್ಟೆ ಬಂದ ಕೂಡಲೇ ಸರಿಯಾಗಿ ಒಂದು ಮೊಳದ ಅಂತರದಲ್ಲಿ ಎರಡು ಕೆಂಪು ದಾರ ಹೊಲಿದು, ನೀರಿಗೆ ಹಾಕಿದಳು. ಮಗ್ಗದ ಗಂಜಿ ಬಿಟ್ಟು ನೀರು ಬೆಳ್ಳಗಾಯಿತು. ಮತ್ತೆ ಒಗೆದಳು. ಮತ್ತೆ ಒಂದು ಸಲ.

ಶುಕ್ರವಾರ ಮಾಂತೇಶ ಕೆಲಸ ನೋಡಲು ಬಂದ. ಹಗ್ಗದ ಮೇಲೆ ಆರುತ್ತಿದ್ದ ಬಟ್ಟೆ ಕಂಡು ನಿಂತ. "ಈ ಕೆಂಪು ದಾರ?"

"ತೊಳಿಯೂಕಿಂತ ಮೊದಲು ಒಂದು ಮೊಳ ಇತ್ತರಿ."

ನೇಕಾರರ ಮನೆಯ ಹುಡುಗ. ಮೊಣಕೈಯನ್ನು ಒಂದು ದಾರಕ್ಕೆ ಇಟ್ಟು ಕೈ ಚಾಚಿದ. ಕೈಯ ತುದಿ ಆಚೆಯ ದಾರವನ್ನು ಎರಡು ಬೆರಳಿನಷ್ಟು ದಾಟಿ ಹೋಯಿತು.

ಅವನು ಇನ್ನೊಮ್ಮೆ ಅಳೆದು ನೋಡಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು.

"ತೊಳಿಬ್ಯಾಡ ಅಂತ ಅಪ್ಪ ಹೇಳಿದನೇನ್ರಿ?"

ಕೇತಕಿ ದಾರ ಕತ್ತರಿಸುತ್ತಾ ಕೂತಳು.

"ಮತ್ತ ನನ್ನ ಕಡೆ ಬೈಸ್ಕೊಂಡು ಯಾಕ ಸುಮ್ಮನಿದ್ರಿ?"

"ಅವರು ಅಲ್ಲೇ ನಿಂತಿದ್ರಲ್ಲರಿ..."

ಅವನು ಏನೂ ಹೇಳದೆ ಹೊರಟುಹೋದ. ಒಂದು ಮಾತೂ ಇಲ್ಲ! ಅವಳ ಕಣ್ಣು ತುಂಬಿತು. ಒರೆಸಿಕೊಂಡು ಸೂಜಿಗೆ ದಾರ ಪೋಣಿಸಿದಳು. ಅಳುವುದು ರವಿವಾರ ಆದಮೇಲೆ.

ರವಿವಾರ ಬೆಳಿಗ್ಗೆ ಹನ್ನೆರಡು ಅಂಗಿಗಳು ಮೇಜಿನ ಮೇಲಿದ್ದವು. ಮಾಂತೇಶ ಒಂದನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಝಾಡಿಸಿದ. ಲಾಳಿ ನೇರವಾಗಿಯೇ ಇತ್ತು.

"ಬೋರ್ಡು ಇಳಸಬ್ಯಾಡ್ರಿ," ಎಂದ ತಗ್ಗಿದ ದನಿಯಲ್ಲಿ. "ತೊಳಿಬ್ಯಾಡ ಅಂದಿದ್ದು ತಾನ ಅಂತ ಅಪ್ಪ ಸಂಘದಾಗ ಎಲ್ಲಾರ ಮುಂದ ಒಪ್ಪಿಕೊಂಡ. ಶುಕ್ರವಾರ ಮಾತ ಬರಲಿಲ್ಲರಿ ನನಗ. ಇವತ್ತು ತಪ್ಪಾತು ಅನ್ನಾಕ ಬಂದೇನಿ."

"ಅಷ್ಟೇನರಿ?"

"ಇನ್ನೊಂದೈತಿ." ಕಿಸೆಯಿಂದ ಸಣ್ಣ ಪೊಟ್ಟಣ ತೆಗೆದ. ಅರಿಷಿಣ! "ಶಾಸ್ತ್ರಕ್ಕಂತ ಹೊಸ ಅಂಗಿ ಕಾಲರಿಗೆ ಪ್ರತಿ ಸಲ ಅವ್ವ ಹಚ್ಚಿ ಕೊಡತಿದ್ಲು. ಈ ಸಲ ಒಲ್ಲೆ ಅಂದ್ಲು. 'ಇಡೀ ವಾರ ಕೇತಕಿ, ಕೇತಕಿ ಅನ್ನಾಕತ್ತೀಯಲ್ಲಲೇ... ಹೋಗಿ ಆಕಿ ಕಡೇನ ಹಚ್ಚಿಸ್ಕೊ' ಅಂದ್ಲು."

ಕೇತಕಿ ಪೊಟ್ಟಣ ಬಿಚ್ಚಿದಳು.

"ಅರಿಷಿಣದ ಕಲೆ ಒಗದ್ರೂ ಹೋಗೂದಿಲ್ಲರಿ."

"ಮನಸ್ಸನ್ನ ನೆನಸಿ, ಒಗದು, ಅಳತಿ ನೋಡೇ ಬಂದೇನಿ. ಕುಗ್ಗೂದಿಲ್ಲ."

ಅವಳು ಬೆರಳನ್ನು ನೀರಿಗೆ ಅದ್ದಿ ಅರಿಷಿಣಕ್ಕೆ ಒತ್ತಿದಳು.

"ಕಾಲರ್ ಈ ಕಡೆ ಹಿಡೀರಿ..."