ತಿಪ್ಪೆಯ ಬಿಸಿಗೆ ಕರಗಿದ ಕೊಟ್ಟೆ

"ರಾಜಕುಮಾರ್... ನೀವೇನಾ?"

ಶಿಕಾರಿಪುರದ ಆ ಪುಟ್ಟ ಅಂಗಡಿಯ ಬಾಗಿಲಲ್ಲಿ ನಿಂತು ರಜನಿ ಕೇಳಿದಳು. ನಾಲ್ಕು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿಗೆ ಇಂದು ಮುಖ ಸಿಕ್ಕಿತ್ತು. ಆದರೆ ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ!

"ಹೌದ್ರೀ... ಕುಪ್ಪಗಡ್ಡೆ ನರ್ಸರಿ ರಜನಿಯವ್ರಲ್ವಾ? ಬರ್ರಿ, ಕೂತ್ಕೊಳ್ರಿ!"

ಅವಳು ಕೂರಲಿಲ್ಲ. ಸಸಿ ಬೆಳೆಸುವ ತೆಳು ಚೀಲದ ಕೊಟ್ಟೆಯೊಂದನ್ನು ಮೇಜಿನ ಮೇಲೆ ಹಾಕಿದಳು. ಅದು ನೆನೆದ ಕಾಗದದಂತೆ ಹರಿದಿತ್ತು.

"ಜೋಳದ ಹಿಟ್ಟಿಂದು, ಸಸಿ ಜೊತೆಗೇ ನೆಡಬಹುದು, ಆರು ತಿಂಗಳಿಗೆ ಗೊಬ್ಬರ ಆಗ್ತದೆ ಅಂದ್ರಿ. ಒಂದೂವರೆ ತಿಂಗಳಿಗೇ ಹಿಂಗಾಗಿದೆ! ನಾಳೆ ಉಳವಿ ಮಹಿಳಾ ಸಂಘದವ್ರು ಆರುನೂರು ಪಪ್ಪಾಯಿ ಸಸಿಗೆ ಬರ್ತಾರೆ. ಬಿಸಿಲಿಗೆ ಪುಡಿಯಾಗೋ ಮೋಸದ ಮಾಲು ಕೊಟ್ರಾ ನಂಗೆ?"

ಅವನ ಮುಖ ಬಾಡಿತು.

"ಪುಡಿಯಾಗೋದು ಬೇರೆ, ಕರಗೋದು ಬೇರೆ ರೀ. ಪುಡಿಯಾದ್ರೂ ಅದು ಪ್ಲಾಸ್ಟಿಕ್ಕಾಗೇ ಮಣ್ಣಾಗೆ ಉಳಿತೈತೆ. ಅಂಥದ್ದು ನಾನು ಮಾರಲ್ಲ. ನಡೀರಿ, ನೋಡಾನ."

ಹೊಸ ಕೊಟ್ಟೆಗಳ ಕಟ್ಟು ಹೇರಿಕೊಂಡು ಅವನ ಬೈಕು ಅವಳ ಸ್ಕೂಟಿಯ ಹಿಂದೆಯೇ ಬಂತು. ದಾರಿಯುದ್ದಕ್ಕೂ ರಜನಿಗೆ ಒಂದೇ ಯೋಚನೆ... 'ಸಸಿ ಹೋದರೆ ಮತ್ತೆ ಬೆಳೆಸಬಹುದು. ಇವರೇ ಸುಳ್ಳುಗಾರರಾದರೆ?'

ನರ್ಸರಿಯಲ್ಲಿ ಅವಳ ತಾಯಿ ಉಚ್ಚಂಗಮ್ಮ ತಿಪ್ಪೆಯ ಪಕ್ಕದಲ್ಲೇ ಕೂತಿದ್ದರು.

"ಚಳಿಗೆ ಬೀಜ ಏಳ್ತಿರ್ಲಿಲ್ಲ ಕಣಪ್ಪ. ಅದಕ್ಕೆ ಕೊಟ್ಟೆ ಎಲ್ಲಾ ತಿಪ್ಪೆ ಮೇಲೆ ಜೋಡಿಸಿದ್ವಿ. ನಮ್ಮತ್ತೆ ಕಾಲದಿಂದ್ಲೂ ಹಂಗೇ."

ರಾಜಕುಮಾರ್ ಗೊಬ್ಬರದೊಳಗೆ ಕೈಯಿಟ್ಟ. "ಅಯ್ಯೋ, ಇದೇ ನೋಡ್ರಿ! ಗೊಬ್ಬರದ ಬಿಸಿಗೇ ಇದು ಬೇಗ ಕರಗೋದು."

ರಜನಿಗೆ ನಂಬಬೇಕೆಂಬ ಆಸೆ, ನಂಬಲು ಭಯ! ಅವನು ಕೊಟ್ಟೆ ಕರಗಿದ ಜಾಗದ ಗೊಬ್ಬರವನ್ನು ಬಕೆಟ್ ನೀರಿಗೆ ಹಾಕಿ ಕಲಸಿದ. ಅವಳು ಬಗ್ಗಿ ನೋಡಿದಳು. ತೇಲಿದ್ದು ಹುಲ್ಲು, ಕಸ... ಒಂದು ಚೂರೂ ಪ್ಲಾಸ್ಟಿಕ್ ಇಲ್ಲ!

ಹೋದ ವರ್ಷ ಯಾರೋ 'ಕರಗುತ್ತೆ' ಎಂದು ಮಾರಿದ್ದ ನೀಲಿ ಕೈಚೀಲವೊಂದು ಬೇಲಿಯ ಬಳಿ ಪುಡಿಯಾಗಿ ಬಿದ್ದಿತ್ತು. ರಜನಿ ಓಡಿಹೋಗಿ ಅಲ್ಲಿಯ ಮಣ್ಣು ತಂದು ಇನ್ನೊಂದು ಬಕೆಟ್ಟಿಗೆ ಸುರಿದಳು. ನೀಲಿ ಚೂರುಗಳು ತೇಲಿಬಂದವು.

ಕೊಟ್ಟೆ ಕರಗಿದ್ದೇ ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗಿತ್ತು. ಆದರೆ ಮೋಸಗಾರ ಎಂದು ಆಗಲೇ ಅಂದಾಗಿತ್ತಲ್ಲ! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅವಳ ಕಣ್ಣು ತುಂಬಿತು.

"ತಪ್ಪಾಯ್ತು..."

"ಮೊದ್ಲು ಸಸಿ ಉಳಿಸಾನ ರೀ. ಬೇರು ಚೆನ್ನಾಗೈತೆ."

ಮೂವರೂ ಸಂಜೆಯವರೆಗೆ ಸಸಿಗಳನ್ನು ಹೊಸ ಕೊಟ್ಟೆಗೆ ಬದಲಿಸಿದರು. ಕೊನೆಯ ಸಾಲಿಗೆ ಬರುವಾಗ ಉಚ್ಚಂಗಮ್ಮ ಅಡುಗೆಗೆ ಎದ್ದುಹೋಗಿದ್ದರು.

"ಬಿಸಿ ತಾಗಿಸಬ್ಯಾಡ್ರಿ ಅಂತ ವಾಯ್ಸ್ ಮೆಸೇಜಿನಾಗೆ ಹೇಳಿದ್ನಲ್ಲ... ಕೇಳ್ಲಿಲ್ವಾ?"

"ಅಲ್ಲೀವರ್ಗೂ ಹೋಗ್ಲೇ ಇಲ್ಲ."

"ಯಾಕ್ರೀ?"

ರಜನಿ ತಲೆಯೆತ್ತಲಿಲ್ಲ. "ಶುರುವಿಗೇ 'ರಜನಿಯವ್ರೇ, ಊಟ ಆತಾ?' ಅಂದಿದ್ರಿ. ಅಷ್ಟನ್ನೇ ಮತ್ತೆ ಮತ್ತೆ ಕೇಳ್ತಿದ್ದೆ..."

ಅವನ ಕೈಯಲ್ಲಿದ್ದ ಸಸಿ ಕೈಯಲ್ಲೇ ಉಳಿಯಿತು.

"ಅದು ಕೊಟ್ಟೆ ಮಾರಾಕೆ ಕೇಳಿದ್ದಲ್ಲ ರೀ. ದಿನಾ ಕೇಳ್ಬೇಕು ಅನ್ನೋ ಆಸೆ... ಜೀವನಪೂರ್ತಿ."

ರಜನಿ ಆ ಸಸಿಯನ್ನು ಅವನ ಕೈಯಿಂದ ತೆಗೆದುಕೊಂಡು ಹೊಸ ಕೊಟ್ಟೆಗೆ ಇಳಿಸಿದಳು. ಆಮೇಲೆ ಅವನೇ ಮೆಲ್ಲಗೆ ಕೇಳಿದ.

"ರಜನಿ... ಊಟ ಆತಾ?"

"ಇಲ್ಲ. ಕೈ ತೊಳ್ಕೊಂಡು ಬನ್ನಿ, ಒಟ್ಟಿಗೇ ಮಾಡಣ."