ಚಳಿಗೆ ಬಿಚ್ಚಿದ ಎಳೆಗಳು

"ನನ್ನ ಎಳೆಗಳನ್ನ ಏನ್ ಮಾಡಿದ್ರಿ?!"

ಸೂಕ್ಷ್ಮದರ್ಶಕದ ಕೋಣೆಯ ಹೊಸ ಉಸ್ತುವಾರಿ ಬೆಚ್ಚಿ ಎದ್ದುನಿಂತ. ಬಿರುಬೇಸಿಗೆಯಲ್ಲೂ ಸ್ವೆಟರ್ ಧರಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಅವನು 'ಸ್ವೆಟರ್ ಸ್ವಾಮಿ'. ಎದುರಿಗೆ ಕೆಂಡವಾಗಿ ನಿಂತಿದ್ದ ಸಂಶೋಧಕಿ 'ಬೆಂಕಿಪೊಟ್ಟಣ'.

"ನಾನು ಮುಟ್ಟೇ ಇಲ್ಲ ಮೇಡಂ..."

"ಮುಟ್ಟದೆ ಮಾಯ ಆಗೋಕೆ ಅವೇನು ದೆವ್ವಾನಾ?"

ಜೀವಕೋಶಕ್ಕೆ ತೊಲೆಗಂಬಗಳಂತಿರುವ ಪ್ರೋಟೀನಿನ ಎಳೆಗಳು ಅವು. ಅವಳ ಬಿಸಿಪೆಟ್ಟಿಗೆಯಲ್ಲಿ ಸೊಗಸಾಗಿ ಹೆಣೆದುಕೊಳ್ಳುತ್ತಿದ್ದವು. ಈ ಕೋಣೆಗೆ ತಂದೊಡನೆ ಶೂನ್ಯ! ಮಧ್ಯಾಹ್ನ ಗುರುಗಳು ನೋಡಲು ಬರುವರು. ಇಂದೂ ಕಾಣದಿದ್ದರೆ ಅವಳ ಸಂಶೋಧನೆ ಅಲ್ಲಿಗೇ ಮುಕ್ತಾಯ.

ಹತಾಶಳಾಗಿ ಅವಳು ಕೈಗವಸು ಕಿತ್ತೆಸೆದು ಸೂಕ್ಷ್ಮದರ್ಶಕಕ್ಕೆ ಕೈಯೂರಿದಳು. ಗಾಜಿನ ಪಟ್ಟಿಯನ್ನಿಡುವ ಲೋಹದ ಪೀಠ... ಮಂಜುಗಡ್ಡೆ!

"ಇಲ್ಲಿ ಯಾಕಿಷ್ಟು ತಣ್ಣಗಿದೆ?"

ಅವನು ತಲೆ ತಗ್ಗಿಸಿದ. "ಮೊದಲ ಸಲ ಬಂದಾಗ 'ಈ ಕೋಣೆ ಒಲೆ ಥರ ಇದೆ' ಅಂದ್ರಲ್ಲ... ಅವತ್ತಿಂದ ನೀವು ಬರೋ ಮುಂಚೆನೇ ಎಸಿ ಜೋರು ಮಾಡಿಡ್ತೀನಿ."

'ಹಾಗಾದರೆ ಆ ಸ್ವೆಟರ್... ನನಗಾಗಿಯೇ?'

ಕೋಣೆಯ ತಂಪನ್ನು ನಿತ್ಯವೂ ಸವಿದಿದ್ದಳೇ ಹೊರತು ಒಮ್ಮೆಯೂ ಶಂಕಿಸಿರಲಿಲ್ಲ!

"ಚಳಿಗೆ ಎಳೆ ಬಿಚ್ಚಿಕೊಳ್ಳುತ್ತೆ ರೀ!"

ಅವನ ಮುಖ ಕಪ್ಪಿಟ್ಟಿತು. "ಅಂದ್ರೆ... ನಾನೇ ಹಾಳು ಮಾಡಿದ್ನಾ?"

"ಹಾಳಾಗಿಲ್ಲ. ಬಿಡಿಬಿಡಿ ಆಗಿವೆ ಅಷ್ಟೆ. ಬೆಚ್ಚಗಾದ್ರೆ ಮತ್ತೆ ಕೂಡ್ತವೆ. ಎಸಿ ಆರಿಸಿ, ಬೇಗ!"

ಅವನು ಓಡಿದ. ಅವಳ ಬಿಸಿಪೆಟ್ಟಿಗೆಯ ಶಾಖದ ತಟ್ಟೆಯನ್ನೇ ಬಿಚ್ಚಿ ತಂದು ಪೀಠದ ಮೇಲೆ ಬಿಗಿದ. ಪೀಠದ ತಾಪ ಮೆಲ್ಲನೆ ಏರಿ, ಮೈಯ ಬಿಸುಪಿನಷ್ಟಾಯಿತು.

"ಏನಮ್ಮಾ, ಇವತ್ತೂ ಸೊನ್ನೆನೇನಾ?" ಗುರುಗಳು ನಗುತ್ತಲೇ ಒಳಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

'ದೇವರೇ...' ಅವಳು ಮನದಲ್ಲೇ ಬೇಡಿದಳು.

"ಆಹಾ! ಬೆಳೀತಿವೆ... ಒಂದಲ್ಲ, ನೂರಾರು! ಭೇಷ್ ಮಗಳೇ! ಗೆದ್ದೆ!"

ಕರಗಿಸುವುದೇ ತಾಪದ ಧರ್ಮವೆಂದು ಲೋಕದ ನಂಬಿಕೆ. ಇಲ್ಲಿ ಶೀತವೇ ಬಿಡಿಸಿತು, ತಾಪವೇ ಬೆಸೆಯಿತು!

ಗುರುಗಳು ಹೊರಟಾಗ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು.

"ಸೆಕೆ ಅಲ್ವಾ ಮೇಡಂ? ಎಸಿ ಹಾಕ್ಲಾ?"

"ಬೇಡ. ನನ್ನದೊಂದು ಮಾತಿಗೆ ಇಷ್ಟು ದಿನ ನಡುಗ್ತಾ ಕೂತ್ರಲ್ಲ... ಅಂಥವರನ್ನ ನಾನು ಯಾರಿಗೂ ಬಿಟ್ಟುಕೊಡಲ್ಲ." ಅವಳು ಅವನ ಬೆವೆತ ಹಣೆ ನೋಡಿ ನಕ್ಕಳು. "ಇನ್ನಾದ್ರೂ ಆ ಸ್ವೆಟರ್ ತೆಗೀರಿ, ಸ್ವಾಮಿ!"

"ತೆಗೀತೀನಿ. ಆದ್ರೆ ಇನ್ಮೇಲೆ ಮೇಡಂ ಅನ್ನಲ್ಲ."

"ಮತ್ತೆ?"

"ನೀನು ಅಂತೀನಿ... ಆಗಬಹುದಾ?"

ಅವಳು ಇಷ್ಟು ದಿನ ಚಳಿಗೆ ಮರಗಟ್ಟಿದ್ದ ಅವನ ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಬಚ್ಚಿಟ್ಟಳು.

"ಅನ್ನು!"